ಗಡಿ ಕಲ್ಲಿನ ಕೋಳಿ

12-9-38, ಸೋಮವಾರ

ಕದ್ದಿಲ್ಲ. ಕದಿಯಾಕೆ ಅದು ಯಾರ್ದು? ಗಡಿ ಕಲ್ತಾವ ಮಳೇಲಿ ನೆನ್ಕೊಂಡ್ ಕೂತಿತ್ತು. ಎತ್ಕೊಂಡ್ ಬಂದೆ. ಕುತ್ಗೇಲಿ ಅರ್ಸಿನದ ದಾರ ಇತ್ತು, ಕಿತ್ತಾಕ್ದೆ. ಅದೇ ದೊಡ್ಡ ತಪ್ಪಂತೆ.

ಪಡುವಲ ಊರಿನೋರು ಅವ್ರ ಕೋಳಿಗಳಿಗೆ ಬಂದಿರಾ ಬೇನೆ ತೊಲಗ್ಲಿ ಅಂತ ಮಾರಮ್ಮನ ಎಸ್ರಲ್ಲಿ ಬಿಟ್ಟೋಗಿರಾ ಕೋಳಿ. ಮುಟ್ಟಬಾರ್ದು, ಊರ್ನೋರು ಸೇರಿ ಮುಂದಿನ ಗಡಿ ದಾಟಿಸ್ಬೇಕು. ಅಮ್ಮ ಬೆಳಗ್ಗಿಂದ ಇದ್ನೇ ಅರೀತಾವ್ಳೆ. ಮಾರಮ್ಮಂಗೆ ಬೇಕಿದ್ರೆ ಅವ್ಳೇ ಬಂದ್ ಇಸ್ಕೊಂಡೋಗ್ಲಿ ಅಂದೆ. ಕೆನ್ನೆಗೆ ಬಿತ್ತು.

ಬೀಳ್ಲಿ. ನಮ್ ಬೂದಿ ಬಣ್ಣದ್ದು ಕಾವು ಬಿಟ್ಟು ಎದ್ದೋಗೈತೆ, ಅನ್ನೊಂದು ಮೊಟ್ಟೆ ತಣ್ಣಗಾಯ್ತಿದ್ವು. ತಂದ ಕೋಳೀನ, ಈ ಕೆಂಚೀನ, ಆ ಮಂಕ್ರಿಗೆ ಬಿಟ್ಟೆ. ತಂದೇ ಮೊಟ್ಟೆ ಅನ್ನಂಗೆ ಕೂತ್ಕಂತು. ಎದೆ ತುಂಬ್ಕೊಂಡಿರಾ ಕೋಳಿ. ಇದ್ರಲ್ಲೇನ್ ಬೇನೆ?

14-9, ಬುಧವಾರ

ಮಳೆ ನಿಂತಿಲ್ಲ. ಗೂಡಿನೊಳ್ಗೆ ಕೆಸ್ರು. ಒಲೆ ಬೂದಿ ಎರಡು ಮೊರ ಚೆಲ್ದೆ, ಮೇಲೆ ಮರಳು. ತಗಡು ಸೋರ್ತದೆ, ಗೋಣಿ ಆಕ್ದೆ. ರಾಗಿ ತೌಡು ಕಲ್ಸಿಟ್ಟೆ. ಅದ್ನಾಲ್ಕು ಕೋಳಿ ಈಗ, ಕೆಂಚಿ ಸೇರಿ.

ಇವೆಲ್ಲ ಅಕ್ಕನ ಬಾಣಂತನಕ್ಕೆ. ಅನಸೂಯಕ್ಕ ಮುಂದಿನ ತಿಂಗ್ಳು ಮೊದಲ್ನೇ ಎರಿಗೆಗೆ ಬತ್ತಾಳೆ. ಅಮ್ಮ ಆರು ತಿಂಗ್ಳಿಂದ ಒಂದು ಮೊಟ್ಟೇನೂ ಬೇಯ್ಸಿಲ್ಲ, ಎಲ್ಲ ಮರಿ ಮಾಡ್ಸಿದ್ದೇ.

ದೊಡ್ಡವೆಂಕಟಪ್ಪ ಮಾವ ಬಂದಿದ್ದ. ಅಮ್ಮನ ಅಣ್ಣ. ಅಪ್ಪ ಸತ್ತ ಮೇಲೆ ಈ ಮನೇಲಿ ಅವಂದೇ ಮಾತು. ಆರನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನಿಗೆ ಕೋಳೀನೇ ಮೇಷ್ಟ್ರು ಅಂದ. ಕೋಳಿ ಬೆತ್ತದಲ್ಲಿ ಒಡ್ಯಲ್ಲ ಅಂದೆ.

19-9, ಸೋಮವಾರ

ಕರೀದೊಂದು ರೆಕ್ಕೆ ಇಳೀಬಿಟ್ಟು ನಿಂತೈತೆ. ಅಸ್ರು ನೀರಂಗೆ ಕಕ್ಕ. ಥಂಡಿ ಇರ್ಬೇಕು. ಬೆಳ್ಳುಳ್ಳಿ ಮೆಣಸು ಕುಟ್ಟಿ ಬಾಯಿಗೆ ತುರ್ಕಿದೆ.

ಅಮ್ಮ ನೋಡಿದ್ಲು. ಒಳೀಕ್ ಓದ್ಲು. ಬೈದಿದ್ರೆ ಚೆನ್ನಾಗಿತ್ತು.

21-9

ಮೂರು ಓದ್ವು. ಇನ್ನೊಂದು ಕತ್ತು ತಿರುಚ್ಕೊಂಡು ಸುತ್ತಿದ್ದೇ ಸುತ್ತಿದ್ದು, ನೋಡಾಕಾಗಲ್ಲ. ಬಂಗಾರಪೇಟೆಗೆ ನಡ್ಕೊಂಡೋದೆ, ದನದಾಸ್ಪತ್ರೆಗೆ. ಕೋದಂಡಪ್ಪ ಅಂತ ಕಂಪೌಂಡರ್. ಒಳ್ಳೆಯೋನು, ಕೂರಿಸಿ ಕೇಳ್ದ.

ಒರ್ಗಡೆಯಿಂದ ಒಸ ಕೋಳಿ ಏನಾರ ತಂದ್ಯಾ?

ಇಲ್ಲ ಅಂದೆ.

ನನ್ ಮುಖಾನೇ ನೋಡ್ದ. ತಂದಿದ್ರೆ ಅದು ಗಟ್ಟಿಯಾಗೇ ಇರ್ತದೆ, ಬೇನೆ ಬಂದು ಎದ್ದಿರ್ತದೆ, ಅದ್ರಿಂದ ಬಾಕಿಯವ್ಕೆ ಅಂಟ್ತದೆ ಅಂದ. ಔಷಧಿ ಇಲ್ವಂತೆ. ಕೊಂದು, ಸುಣ್ಣ ಆಕಿ, ಆಳವಾಗಿ ಊಳ್ಬೇಕಂತೆ.

ಸ್ಟೇಷನ್ ಮಾಡಿನ ಕೆಳ್ಗೆ ಮಳೆ ಬಿಡೋ ತಂಕ ನಿಂತಿದ್ದೆ. ಯಾಕ್ ಸುಳ್ಳೇಳ್ದೆ... ಅವ್ನೇನು ನನ್ನ ಒಡೀತಿದ್ನಾ?

3-10, ಸೋಮವಾರ

ಬರ್ಯಾಕೆ ಮನಸ್ಸಿರ್ಲಿಲ್ಲ.

ಅದಿಮೂರೂ ಓದ್ವು. ಎಲ್ಲಾ ಗುಂಡೀನೂ ನಾನೇ ತೋಡ್ದೆ. ಕೊನೆಗೆ ಉಂಜ. ಬಾಕಿ ಮನೆಗಳವೂ ಸತ್ವು, ಊರಲ್ಲಿ ಬೆಳಗ್ಗೆ ಕೂಗೋ ಕೋಳಿ ಒಂದೂ ಇಲ್ಲ ಈಗ.

ಕೆಂಚಿ ಗಟ್ಟಿಯಾಗವ್ಳೆ. ಇವತ್ತಿಗೆ ಇಪ್ಪತ್ತೊಂದು ದಿನ. ಅನ್ನೊಂದ್ರಲ್ಲಿ ಒಂದೂ ಬಿರೀಲಿಲ್ಲ. ಆದ್ರೂ ಎದ್ದೇಳಲ್ಲ, ಕೈ ಆಕಿದ್ರೆ ಕುಕ್ತಾಳೆ. ಕೊಲ್ಲಾಕೆ ಅಂತ್ಲೇ ಮೂರು ಸಲ ಓದೆ. ಮೂರು ಸಲಾನೂ ತೌಡು ಆಕಿ ಬಂದೆ.

ಅಕ್ಕ ಅಲ್ಲೇ ಎರ್ಲಿ ಅಂತ ಅಮ್ಮ ಏಳಿ ಕಳ್ಸವ್ಳೆ. ಅವ್ಳ ಅತ್ತೆ ಪಾಪಕ್ಕನತ್ರ ಇಪ್ಪತ್ತು ಕೋಳಿ ಅವೆ, ಬಾಣಂತಿಗೆ ಕೊರತೆ ಇಲ್ಲ.

4-10, ಮಂಗಳವಾರ, ಮಧ್ಯಾಹ್ನ

ಊರ್ನೋರು ಸೇರಿದ್ರು. ನಮ್ಮ ಜಗಲಿ ಮೇಲೇನೇ. ಬೇನೆ ಪಡುವಲಿಂದ ಬಂತು, ಮೂಡಲಿಗೆ ಓಗ್ಬೇಕು. ಊರಲ್ಲಿ ಉಳ್ದಿರಾ ಕೋಳಿ ಕೆಂಚಿ ಒಂದೇ. ಸಂಜೆಗೆ ಅದ್ಕೆ ಅರ್ಸಿನ ಬಳ್ದು, ಮಂಕ್ರೀಲಿ ಒತ್ಕೊಂಡೋಗಿ ಮೂಡಲ ಗಡೀಲಿ ಬಿಡೋದಂತೆ. ಮಾವಂದೇ ತೀರ್ಮಾನ.

ಮೂಡಲ ಗಡಿ ಆಚೆ ಅಕ್ಕನ ಊರು. ಪಾಪಕ್ಕನ ಇತ್ಲು ಮೊದಲ್ನೇದು.

ನಾನು ಅದ್ನೇ ಅಂದೆ. ಅಮ್ಮ ಸೆರಗು ಬಾಯಿಗಿಟ್ಕೊಂಡ್ಲು. ಮಾವ ಎಲೆ ಅಡಿಕೆ ಜಗೀತಾ,

— ಅವ್ರೂ ಮುಟ್ಟದಂಗೆ ಮುಂದ್ಕೆ ಸಾಗಿಸ್ತಾರೆ ಕಣ್ಲಾ. ಅದೇ ಪದ್ಧತಿ.

— ಅಲ್ಲೂ ನನ್ನಂತೋನು ಒಬ್ಬ ಇದ್ರೆ? ಎತ್ಕೊಂಡೋಗಿ ಗೂಡಿಗೆ ಬಿಟ್ರೆ? ನಾನು ಬಿಡ್ಲಿಲ್ವಾ?

ಬಾಯಿಂದ ಬಂದೇಬಿಡ್ತು. ಮಾವ ಉಗ್ದು ಬಂದ.

— ನಿನ್ನಂತೋನ್ನ ಎರೋ ಕರ್ಮ ಎಲ್ಲಾ ತಾಯಂದ್ರಿಗೂ ಇರಲ್ಲ.

ಒಂದಿಬ್ರು ನಕ್ರು. ಕಂಪೌಂಡರ್ ಮಾತು ಏಳ್ದೆ, ಕೊಂದು ಊಳೋಣ ಅಂದೆ. ಮಾರಮ್ಮಂಗೆ ಬಿಟ್ಟಿರೋದ್ನ ಕೊಲ್ತೀಯಾ ಅಂತ ಒಬ್ಬ ಮೇಲೇ ಬಂದ. ಎಲ್ರೂ ಎದ್ದೋದ ಮೇಲೆ ಅಮ್ಮ ಮೆಲ್ಲಗೆ, ನೆಲ ನೋಡ್ಕೊಂಡು:

— ಅದ್ರ ಮೇಲೆ ಕೈ ಮಾಡಿದ್ರೆ ಮತ್ತೆ ಈ ಒಸ್ಲು ತುಳೀಬೇಡ.

ಅದೇ ದಿನ, ನಾಲ್ಕು ಗಂಟೆ

ತಮಟೆ ಕಾಯ್ಸೋ ವಾಸ್ನೆ ಬತ್ತೈತೆ. ಸುಣ್ಣ ಅರ್ಧ ಚೀಲ ಉಳ್ದೈತೆ, ಇತ್ಲಲ್ಲಿ ಉಂಜಕ್ಕೆ ತೋಡ್ದ ಗುಂಡಿ ಪಕ್ಕದ ಮಣ್ಣು ಮೆತ್ಗೈತೆ. ಗುದ್ಲಿ ಬಾಗ್ಲ ಸಂದೀಲಿಟ್ಟಿವ್ನಿ. ಕೆಂಚಿ ಕಂಕಳಲ್ಲವ್ಳೆ. ಬಿಸಿಯಾಗವ್ಳೆ. ಒಂದ್ ಕೈಯಲ್ಲಿ ಬರೀತಿವ್ನಿ, ಕುಕ್ತಾನೇ ಅವ್ಳೆ. ಕುಕ್ಲಿ.

ಅಮ್ಮ ಒಲೆ ಮುಂದೆ ಕೂತವ್ಳೆ. ಬೆನ್ನು ಈ ಕಡೆ. ಗೊತ್ತವ್ಳಿಗೆ.

ಮೊದ್ಲು ಗುಂಡಿ. ಆಮೇಲೆ ಒಂದ್ಸಲ ಒಳೀಕ್ ಬಂದು ಅಂಗಿ ತಕ್ಕೊಳೋದು, ಅಕ್ಕನ ಮನೆಗೆ ಓಗಿ ಎಲ್ಲಾ ಏಳೋದು, ಆಮೇಲೆ ರಾಬರ್ಟ್‌ಸನ್‌ಪೇಟೆನೋ ಎಲ್ಲೋ. ಓಗೋವಾಗ ಬಾಗ್ಲು ದಬಾರ್ ಅಂತ ಎಳ್ದೇ ಓಗೋದು. ಊರಿಗೆಲ್ಲ ಕೇಳ್ಲಿ. ಈ ಸಲಾನಾದ್ರೂ ಯಾರೂ ಕದ್ದೋದ ಅನ್ನಬಾರ್ದು, ನಾನೇ ಕೊಂದು ಊಳಿದ್ದು ಅಂತ ಗೊತ್ತಾಗ್ಲಿ.