ಗೊಂಬೆಯ ಕಾಲಿಗೆ ಚುಚ್ಚಬಾರದೆಂದ ಅಧಿಕಾರಿಗಳಿಗೆ

ಮಾನ್ಯ ತಪಾಸಣಾಧಿಕಾರಿಗಳೇ,

ನಮ್ಮ ಬಿಜಾಪುರದ ಆಸ್ಪತ್ರೆಯ ನರ್ಸುಗಳು ಕೈ ಪಳಗಿಸಿಕೊಳ್ಳುತ್ತಿದ್ದ ಬಟ್ಟೆಯ ಗೊಂಬೆಯನ್ನು ತಾವು ತಿಪ್ಪೆಗೆ ಎಸೆಯಿಸಿದಿರಿ. ಆಮೇಲೆ ನನ್ನ ಮಗಳು ಸತ್ತಳು. ಎರಡಕ್ಕೂ ಸಂಬಂಧವಿಲ್ಲವೆಂದು ಉತ್ತರ ಬರೆಯುವ ಮೊದಲು ಇದನ್ನು ಓದಿ.

ನಾನು ಕಳ್ಳಕವಟಗಿಯ ಶಾಲಾ ಮಾಸ್ತರ. ಹೋದ ವರ್ಷ, ೧೯೭೪ರ ಬೇಸಿಗೆಯಲ್ಲಿ, ನನ್ನ ಮಗ ಅಮೋಘಿಗೆ ವಾಂತಿಭೇದಿಯಾಗಿ ಮೈ ಒಣಗಿಹೋಯಿತು. ಬಿಜಾಪುರಕ್ಕೆ ಒಯ್ದೆವು. ಸಲೈನ್ ಏರಿಸಲು ನರವೇ ಸಿಗಲಿಲ್ಲ. ಆಗ ಮಕ್ಕಳ ಡಾಕ್ಟರಮ್ಮ ಅವನ ಮೊಣಕಾಲಿನ ಕೆಳಗೆ, ಎಲುಬಿಗೇ ದಪ್ಪ ಸೂಜಿ ಇಳಿಸಿ ಸಲೈನ್ ಬಿಟ್ಟರು. ನನ್ನ ಹೆಂಡತಿ ಗುರುಬಾಯಿ ಕಣ್ಣು ಮುಚ್ಚಿಕೊಂಡಿದ್ದಳು. ಸಂಜೆಗೆ ಹುಡುಗ ನೀರು ಕೇಳಿದ.

ಈ ವಿದ್ಯೆ ತಮ್ಮೊಬ್ಬರ ಕೈಯಲ್ಲೇ ಉಳಿಯಬಾರದೆಂದು ಡಾಕ್ಟರಮ್ಮ ಗೊಂಬೆ ಮಾಡಿದರು. ಕುರಿಮರಿಯ ಕಾಲೆಲುಬಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ, ಗೊಂಬೆಯ ಕಾಲೊಳಗೆ ಹೊಲಿದರು. ಎಲುಬು ತಂದುಕೊಟ್ಟವರಲ್ಲಿ ನಾನೂ ಒಬ್ಬ. "ಗೊಂಬಿ ಮ್ಯಾಲ ತಪ್ಪಿದ್ರ ನಡೀತೈತ್ರಿ ಮಾಸ್ತರ, ಕೂಸಿನ ಮ್ಯಾಲ ತಪ್ಪಬಾರದು," ಎನ್ನುತ್ತಿದ್ದಳು ನರ್ಸ್ ರುಕ್ಮವ್ವ. ಆಗಷ್ಟೇ ಕಲಿಯತೊಡಗಿದ್ದಳು.

ತಾವು ಮೂಗಿಗೆ ಕರವಸ್ತ್ರ ಹಿಡಿದು ಬಂದಿರಿ. "ಇದು ಆಸ್ಪತ್ರೆಯೋ, ಕಟುಕರ ಅಂಗಡಿಯೋ? ಕಲಿಯಲು ರೋಗಿಗಳಿಲ್ಲವೇ?" ಎಂದಿರಿ. ಎಂಥ ಔದಾರ್ಯ! ಸತ್ತ ಕುರಿಯ ಎಲುಬು ಕಂಡು ಹೇಸಿದ ತಮಗೆ, ಬದುಕಿರುವ ಮಕ್ಕಳ ಎಲುಬು ಪಾಠದ ಹಲಗೆಯಾಗಿ ಒಪ್ಪಿಗೆಯಾಯಿತು. ಯಾರ ಮಕ್ಕಳು, ಸ್ವಾಮಿ? ತಮ್ಮವರೇ?

ಈ ಶ್ರಾವಣದಲ್ಲಿ ನನ್ನ ಎಂಟು ತಿಂಗಳ ಮಗಳು ಮಲಕವ್ವನಿಗೂ ಅದೇ ಬೇನೆ ಬಂತು. ಡಾಕ್ಟರಮ್ಮ ಸೊಲ್ಲಾಪುರಕ್ಕೆ ಹೋಗಿದ್ದರು. ಇದ್ದ ಡಾಕ್ಟರು ನರ ಹುಡುಕಿ ಸೋತು, ಎಲುಬಿಗೆ ಸೂಜಿ ಹಾಕುವುದನ್ನು ತಾವು ಕಂಡೇ ಇಲ್ಲವೆಂದರು. ರುಕ್ಮವ್ವ ಆ ಸೂಜಿಯನ್ನು ಕೈಗೆತ್ತಿಕೊಂಡಳು.

"ಹಾಕ ಬೇ, ನಿನ್ನ ಕಾಲ ಬೀಳ್ತೇನಿ," ಎಂದಳು ಗುರುಬಾಯಿ.

ಸೂಜಿ ಪಕ್ಕಕ್ಕೆ ಜಾರಿತು. ಇನ್ನೊಂದು ಕಾಲಿಗೆ ಚುಚ್ಚಿದಳು. ಅದು ಎಲುಬನ್ನೇ ದಾಟಿ ಹೋಗಿ, ಸಲೈನ್ ಮಾಂಸದೊಳಗೆ ಇಳಿದು ಮೀನಖಂಡ ಬಾತುಕೊಂಡಿತು. "ಎಷ್ಟ ಒತ್ತಬೇಕಂತ ಕೈಗೆ ತಿಳೀವಲ್ದು, ಯಪ್ಪಾ," ಎಂದು ರುಕ್ಮವ್ವ ಅತ್ತಳು. ಮಲಕವ್ವ ಅಳುವುದನ್ನು ಆಗಲೇ ನಿಲ್ಲಿಸಿದ್ದಳು.

ಈಗ ತಾವು ರುಕ್ಮವ್ವನಿಗೆ ನೋಟೀಸು ಕೊಟ್ಟಿದ್ದೀರಂತೆ. ಸತ್ತದ್ದು ನನ್ನ ಮಗಳು. ರುಕ್ಮವ್ವನ ಮೇಲೆ ನನಗಿಲ್ಲದ ಸಿಟ್ಟು ತಮಗೆಲ್ಲಿಂದ ಬಂತು? ಆ ಕೈಗೆ ಅಭ್ಯಾಸ ತಪ್ಪಿಸಿದವರಿಗೆ ಯಾರು ನೋಟೀಸು ಕೊಡಬೇಕು?

ಆ ನೋಟೀಸನ್ನು ಹಿಂದಕ್ಕೆ ಪಡೆಯಿರಿ. ಬಿಜಾಪುರಕ್ಕಷ್ಟೇ ಅಲ್ಲ, ತಿಕೋಟಾ, ಬಬಲೇಶ್ವರದ ದವಾಖಾನೆಗಳಿಗೂ ಅಂಥ ಗೊಂಬೆ ಮಾಡಿಸಿ, ಕಲಿಸಿ. ಆಗದಿದ್ದರೆ ನಮ್ಮ ಮನೆಗೆ ಬಂದು, ಏಕೆ ಆಗದೆಂದು ಗುರುಬಾಯಿಗೆ ತಿಳಿಸಿ. ಅವಳಿಗೆ ಓದು ಬರುವುದಿಲ್ಲ. ತಾವು ಮುಖ ನೋಡಿಯೇ ಹೇಳಬೇಕಾಗುತ್ತದೆ.

ಇಂತಿ,
ತಮ್ಮ ಶುಚಿತ್ವದ ದೆಸೆಯಿಂದ ಒಂದೇ ಮಗುವಿನ ತಂದೆಯಾಗಿ ಉಳಿದ
ಖಂಡಪ್ಪ ಮಾಸ್ತರ, ಕಳ್ಳಕವಟಗಿ