ಕೊಟ್ಟದ್ದಕ್ಕೂ ತಿಂದದ್ದಕ್ಕೂ ಒಂದೇ ಕಾಲಂ

ಕಾಶಿ, ಫೆಬ್ರವರಿ ೧೯೭೮

ಆಸ್ಪತ್ರೆಯ ದಾಖಲೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಊಟ ಮಾಡದ ನನ್ನ ಅಕ್ಕ ಊಟ ಮಾಡಿದಳೆಂದು ನಿಮ್ಮ ಹೊಸ ನಮೂನೆಯ ಹಾಳೆ ಎರಡು ದಿನ ಹೇಳಿತು. ಮೂರನೆಯ ದಿನ ಬೆಳಿಗ್ಗೆ ಅದನ್ನು ನಂಬಿ ಅವಳಿಗೆ ಇನ್ಸುಲಿನ್ ಚುಚ್ಚಿದರು. ಅವಳು ಸತ್ತು ಬದುಕಿದಳು. ಇದಕ್ಕಾಗಿ ನೀವು ಸಿಸ್ಟರ್ ಪ್ರೇಮಾ ಅವರನ್ನು ಅಮಾನತು ಮಾಡಿದ್ದೀರಿ, ಹಾಳೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೀರಿ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ವಿವರ. ಪುರಸೊತ್ತಿದ್ದರೆ ಓದಿ.

ಇದನ್ನು ಹಿಂದಿಯಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಎರಡು ಸಲ ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಮೂರಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ. ನಾನು ಮಧುಗಿರಿ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದವನು. ಮೂವತ್ತೊಂದು ವರ್ಷ ಜನರಿಗೆ ಇದೇ ಉತ್ತರವನ್ನು ಬರೆದು ಕಳಿಸಿದ್ದೇನೆ. ಅದರ ಅರ್ಥವೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀವೂ ಕನ್ನಡಿಗರು. ಈ ವಾರಪತ್ರಿಕೆ ನಿಮ್ಮ ಮನೆಗೆ ಅಂಚೆಯಲ್ಲಿ ಬರುತ್ತದೆ, ಭಾನುವಾರ ಊಟವಾದ ಮೇಲೆ ಅದನ್ನು ಓದುತ್ತೀರಿ ಎಂದು ನೀವೇ ಒಮ್ಮೆ ಹೇಳಿದ್ದಿರಿ. ಆದ್ದರಿಂದ ಕನ್ನಡದಲ್ಲಿ, ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ. ಫೈಲಿನೊಳಗೆ ಹಾಕಿ ಕಟ್ಟಿಡಲಾಗದ ಕಾಗದ ಈಗ ಇದೊಂದೇ.

ಹಾಳೆಯ ವಿಷಯ ಓದುಗರಿಗೆ ಹೇಳಬೇಕು. ಮೊದಲು ನಿಮ್ಮ ಆಸ್ಪತ್ರೆಯಲ್ಲಿ ವೈದ್ಯರದೊಂದು ಪುಸ್ತಕ, ದಾದಿಯರದೊಂದು, ಅಡುಗೆಮನೆಯದೊಂದು ಇತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತಿರಲಿಲ್ಲ. ಎಲ್ಲರೂ ಒಂದೇ ಹಾಳೆಯಲ್ಲಿ ಗುರುತು ಹಾಕಲಿ, ಆ ಗುರುತುಗಳನ್ನು ಕಾರ್ಡಿನಲ್ಲಿ ತೂತು ಹೊಡೆದು ಕಾನ್ಪುರದ ಗಣಕಯಂತ್ರಕ್ಕೆ ಕಳಿಸೋಣ, ಯಾವ ವಾರ್ಡಿನಲ್ಲಿ ಏನು ನಡೆಯುತ್ತಿದೆಯೆಂದು ಅದು ಅಚ್ಚುಹಾಕಿ ಕೊಡುತ್ತದೆ ಎಂದಿರಿ. ಯೋಚನೆ ಕೆಟ್ಟದ್ದೇನಲ್ಲ. ಆದರೆ ಕಾರ್ಡಿನಲ್ಲಿ ತೂತು ಹೊಡೆಯಲು ಇರುವುದು ಎಂಬತ್ತೇ ಮನೆ. ಕಾಯಿಲೆ ಬಿದ್ದ ಮನುಷ್ಯ ಎಂಬತ್ತು ಮನೆಯೊಳಗೆ ಹಿಡಿಯಬೇಕು. ಹಿಡಿಯದಿದ್ದರೆ ಯಾರನ್ನು ಕತ್ತರಿಸುತ್ತೀರಿ, ಕಾರ್ಡನ್ನೋ ಮನುಷ್ಯನನ್ನೋ? ಕಾರ್ಡು ವಿದೇಶದ್ದು, ಅದನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ 'ಊಟ' ಎಂಬುದಕ್ಕೆ ಹೊತ್ತಿಗೊಂದರಂತೆ ದಿನಕ್ಕೆ ಮೂರು ಮನೆ ಉಳಿದವು. ತಟ್ಟೆ ಹಂಚುವ ಬದರೀನಾರಾಯಣ ಹಂಚಿದ ಕೂಡಲೇ ಅಲ್ಲಿ ಗುರುತು ಹಾಕುತ್ತಾನೆ. ವೈದ್ಯರು ಅದನ್ನೇ ನೋಡಿ ರೋಗಿ ಉಂಡಳೆಂದು ತಿಳಿಯುತ್ತಾರೆ. ಬದರೀನಾರಾಯಣ ಸುಳ್ಳು ಹೇಳುವವನಲ್ಲ. ನಾನು ಕೇಳಿದಾಗ, "ಬಾಬೂಜಿ, ಮಾತಾಜೀ ನೇ ಥಾಲೀ ಲೇ ಲೀ, ಹಮ್‌ನೇ ನಿಶಾನ್ ಲಗಾ ದಿಯಾ" ಎಂದ. ಅಕ್ಕ ತಟ್ಟೆ ತೆಗೆದುಕೊಂಡಳು, ಅವನು ಗುರುತು ಹಾಕಿದ. ಅವನ ಕೆಲಸ ಅಲ್ಲಿಗೆ ಮುಗಿಯಿತು.

ಇನ್ನು ಅಕ್ಕ. ಹೆಸರು ತಿರುಮಲಮ್ಮ, ವಯಸ್ಸು ಎಪ್ಪತ್ತೆರಡು. ಗಂಡ ಹೋದ ಮೇಲೆ ಕಾಶಿಯಲ್ಲೇ ದೇಹ ಬಿಡುತ್ತೇನೆಂದು ಹಟ ಹಿಡಿದು ಬಂದವಳು. ನನಗೂ ಹಿಂದೆಮುಂದೆ ಯಾರೂ ಇಲ್ಲ, ಜೊತೆಗೆ ಬಂದೆ. ಸೋನಾರ್‌ಪುರದ ಗಲ್ಲಿಯಲ್ಲಿ ಒಂದು ಕೋಣೆ, ಒಂದು ಸೀಮೆಎಣ್ಣೆ ಒಲೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಹೋದಾಗ ಅವಳನ್ನು ನಿಮ್ಮ ಆಸ್ಪತ್ರೆಗೆ ಸೇರಿಸಿದೆ. ಬೇರೆಯವರು ಬೇಯಿಸಿದ ಅನ್ನ ಅವಳು ಮುಟ್ಟುವುದಿಲ್ಲ. ಆದ್ದರಿಂದ ದಿನವೂ ನಾನೇ ಮಡಿಯಲ್ಲಿ ಅಡುಗೆ ಮಾಡಿ, ರಿಕ್ಷಾದಲ್ಲಿ ಒಯ್ದು ಬಡಿಸುತ್ತಿದ್ದೆ. ಜನವರಿಯ ಚಳಿಗೆ ನನಗೆ ಜ್ವರ ಬಂದು ಎರಡು ದಿನ ಮಲಗಿಬಿಟ್ಟೆ. ಆ ಎರಡು ದಿನ ಅಕ್ಕ ಆಸ್ಪತ್ರೆಯ ತಟ್ಟೆಯನ್ನು ಎರಡೂ ಕೈ ಚಾಚಿ ತೆಗೆದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು, ಪಕ್ಕದ ಮಂಚದ ಗಿರಿಜಾದೇವಿಗೆ ದಾಟಿಸಿದಳು. ತಾನು ಅರ್ಧ ಬಾಳೆಹಣ್ಣು, ಒಂದು ಲೋಟ ಗಂಗೆಯಲ್ಲಿ ಹೊತ್ತು ಕಳೆದಳು. ಯಾಕೆ ಬೇಡವೆನ್ನಲಿಲ್ಲ ಎಂದು ಆಮೇಲೆ ಬೈದೆ.

"ಕಾಶೀಲಿ ಕೊಟ್ಟ ಅನ್ನ ಬೇಡ ಅನ್ನಕ್ಕಾಗತ್ತೇನೋ ನಾರಾಯಣ? ಅನ್ನಪೂರ್ಣೆ ಊರು ಇದು. ತಿನ್ನದೆ ಇರೋದು ನನ್ನ ಮಡಿ. ಹಾಗಂತ ತಿರುಗಿಸಿ ಕಳಿಸೋದು ಅಹಂಕಾರ. ಆ ಹೆಂಗಸು ಹಸಕೊಂಡಿದ್ಲು, ತಿಂದ್ಲು. ಇದ್ರಲ್ಲಿ ತಪ್ಪೇನು?"

ತಪ್ಪೇನು, ನೀವೇ ಹೇಳಿ. ಈ ಊರಿನಲ್ಲಿ ಹೀಗೆ ನಡೆಯುವ ಮುದುಕಿಯರು ನೂರಾರು. ತಟ್ಟೆ ತೆಗೆದುಕೊಳ್ಳುವುದೂ ಉಣ್ಣುವುದೂ ಅವರಿಗೆ ಬೇರೆ ಬೇರೆ ಕೆಲಸ. ಅದು ನಿಮ್ಮ ವಾರ್ಡಿನಲ್ಲಿ ಒಬ್ಬರಿಗೆ ಗೊತ್ತಿತ್ತು. ಸಿಸ್ಟರ್ ಪ್ರೇಮಾ ಹಾವೇರಿಯ ಕಡೆಯ ಹೆಣ್ಣುಮಗಳು, ಹನ್ನೊಂದು ವರ್ಷದ ಸೇವೆ. ಅವರ ಹಳೆಯ ಪುಸ್ತಕವನ್ನು ನಾನು ನೋಡಿದ್ದೇನೆ. 'ಕೊಟ್ಟದ್ದು' ಒಂದು ಕಾಲಂ, 'ತಿಂದದ್ದು' ಇನ್ನೊಂದು. ಎರಡನೆಯದರಲ್ಲಿ 'ಎರಡು ತುತ್ತು', 'ಹಾಲು ಮಾತ್ರ', 'ಮಗನ ಮೇಲೆ ಸಿಟ್ಟು, ಉಣ್ಣಲಿಲ್ಲ' ಎಂದೆಲ್ಲ ಬರೆದಿರುತ್ತಿದ್ದರು. ಎರಡನೆಯ ದಿನ ಸಂಜೆ ಗಿರಿಜಾದೇವಿಯ ಮುಂದೆ ಎರಡು ತಟ್ಟೆ ಕಂಡ ಕೂಡಲೇ ಅವರಿಗೆ ಅರ್ಥವಾಯಿತು. ಹಾಳೆಯಲ್ಲಿ ಜಾಗ ಹುಡುಕಿದರು, ಸಿಗಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ 'ರೋಗಿ ಎರಡು ದಿನದಿಂದ ಉಂಡಿಲ್ಲ' ಎಂದು ಬರೆದರು. ರೌಂಡ್ಸಿಗೆ ಬಂದ ಕಿರಿಯ ವೈದ್ಯರಿಗೂ ಬಾಯಿಬಿಟ್ಟು ಹೇಳಿದರು. ಅವರು ಹಾಳೆಯ ಮೇಲೆ ಬೆರಳಿಟ್ಟು, "ಇಲ್ಲಿ ಗುರುತಿದೆಯಲ್ಲ ಸಿಸ್ಟರ್" ಎಂದರು. ಹನ್ನೊಂದು ವರ್ಷದ ದಾದಿಯ ಕಣ್ಣಿಗಿಂತ ಒಂದು ಗುರುತು ದೊಡ್ಡದಾಯಿತು. ಕೊನೆಗೆ ಪ್ರೇಮಾ ಆ ಹಾಳೆಗೆ ಸಹಿ ಹಾಕಿದರು. ಸಹಿಯಿಲ್ಲದ ವಾರ್ಡಿಗೆ ಮರುದಿನ ಊಟ ಬರುವುದಿಲ್ಲ ಎಂಬ ನಿಯಮ ಮಾಡಿದವರು ನೀವೇ. ಒಬ್ಬಳಿಗಾಗಿ ಇಪ್ಪತ್ತೆಂಟು ಜನರನ್ನು ಉಪವಾಸ ಕೆಡವಬೇಕಿತ್ತೇ?

ಮರುದಿನ ಬೆಳಿಗ್ಗೆ ಬೇರೊಬ್ಬ ದಾದಿ ಹಾಳೆಯಲ್ಲಿದ್ದಂತೆ ಪೂರ್ತಿ ಪ್ರಮಾಣದ ಇನ್ಸುಲಿನ್ ಕೊಟ್ಟರು. ಖಾಲಿ ಹೊಟ್ಟೆಯವರಿಗೆ ಅದು ರಕ್ತದ ಸಕ್ಕರೆಯನ್ನು ತಳಕ್ಕಿಳಿಸುತ್ತದೆ. ಜ್ವರ ಬಿಟ್ಟಿತೆಂದು ನಾನು ಹುಗ್ಗಿ ಮಾಡಿಕೊಂಡು ಹೋದಾಗ ಹತ್ತು ಗಂಟೆ. ಅಕ್ಕನ ಮೈಯೆಲ್ಲ ಬೆವರು, ಹಲ್ಲು ಕಚ್ಚಿಕೊಂಡಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಆಗಷ್ಟೇ ಕೆಲಸಕ್ಕೆ ಬಂದಿದ್ದ ಪ್ರೇಮಾ ಓಡಿಬಂದು ನೋಡಿ, ಗ್ಲೂಕೋಸ್ ತರಿಸಿ ನರಕ್ಕೆ ಕೊಡಿಸಿದರು. ಅಯ್ಯೋ, ಆ ಹೊತ್ತು ಯಾರಿಗೂ ಬೇಡ. ನಾನು ಡಬ್ಬಿ ಹಿಡಿದುಕೊಂಡು ಗೋಡೆಗೆ ಒರಗಿ ಮಗುವಿನಂತೆ ಅತ್ತೆ. ಅಕ್ಕ ಉಳಿದಳು, ಈಗ ಮನೆಗೆ ಬಂದಿದ್ದಾಳೆ. ಬಲಗೈ ಮಾತ್ರ ಇನ್ನೂ ನಡುಗುತ್ತದೆ.

ನಿಮ್ಮ ಮೆಮೊದಲ್ಲಿ ಪ್ರೇಮಾ ಮೇಲೆ ಎರಡು ಆರೋಪಗಳಿವೆ. ಒಂದು, ಉಣ್ಣದ ರೋಗಿ ಉಂಡಳೆಂಬ ಸುಳ್ಳು ದಾಖಲೆಗೆ ಸಹಿ ಹಾಕಿದ್ದು. ಇನ್ನೊಂದು, ಅಂಚಿನಲ್ಲಿ ಏನನ್ನೂ ಬರೆಯಕೂಡದೆಂಬ ಸುತ್ತೋಲೆಯನ್ನು ಮೀರಿ ಅಂಚಿನಲ್ಲಿ ಬರೆದದ್ದು. ಭೇಷ್! ನಿಜ ಬರೆದದ್ದಕ್ಕೂ ಶಿಕ್ಷೆ, ಬರೆಯದ್ದಕ್ಕೂ ಶಿಕ್ಷೆ. ಅಂಚಿನ ಬರಹಕ್ಕೆ ಕಾರ್ಡಿನಲ್ಲಿ ತೂತಿಲ್ಲ, ಹಾಗಾಗಿ ಕಾನ್ಪುರದಿಂದ ಅಚ್ಚಾಗಿ ಬಂದ ಪಟ್ಟಿಯಲ್ಲಿ ಅದಿಲ್ಲ, ಹಾಗಾಗಿ ಅವರು ಎಚ್ಚರಿಸಿದ್ದಕ್ಕೆ ದಾಖಲೆಯೇ ಇಲ್ಲ! ವಿಚಾರಣೆ ಮುಂದಿನ ತಿಂಗಳು ಹನ್ನೊಂದಕ್ಕಂತೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಸಿಟ್ಟು ಮಾಡಲಿಲ್ಲ, ಚಹಾ ಕೊಟ್ಟರು.

"ಅಜ್ಜಾರ, ಹಾಳಿ ತುಂಬ ಮನೀ ಅದಾವ್ರಿ, ನಾವು ಕಣ್ಣಾರೆ ನೋಡಿದ್ದು ಬರೀಲಿಕ್ಕೆ ಒಂದೂ ಇಲ್ರಿ. ಮೀಟಿಂಗಿನ್ಯಾಗ ಕೈಮುಗುದು ಕೇಳಿದ್ದೆ, ಆ ಎರಡು ಕಾಲಂ ಹಂಗ ಇಡ್ರಿ ಅಂತ. ಯಾರು ತಗದ್ರೋ ಏನೋ."

ಯಾರು ತೆಗೆದರು? ನಿಮಗೆ ಗೊತ್ತು. ಈಗ ಎಲ್ಲರಿಗೂ ಗೊತ್ತಾಗಲಿ.

ಹೋದ ಆಷಾಢದಲ್ಲಿ ನೀವು ನನ್ನನ್ನು ಕಚೇರಿಗೆ ಕರೆಸಿದ್ದಿರಿ. ಆಗ ನಾನು ವಾರಕ್ಕೆರಡು ದಿನ ಬಂದು, ಹಿಂದಿ ಬಾರದ ದಕ್ಷಿಣದ ರೋಗಿಗಳ ಮಾತನ್ನು ವೈದ್ಯರಿಗೆ ತಿಳಿಸಿ ಹೋಗುತ್ತಿದ್ದೆ. ಹಳೆಯ ಶಿರಸ್ತೇದಾರರು, ನಮೂನೆಗಳಲ್ಲಿ ಪಳಗಿದ ಕೈ, ಒಂದಿಷ್ಟು ನೋಡಿ ಎಂದು ಕರಡನ್ನು ಮುಂದಿಟ್ಟಿರಿ. ಕರಡಿನಲ್ಲಿ ಊಟಕ್ಕೆ ಆರು ಮನೆ ಇದ್ದವು. ಮೂರು ಕೊಟ್ಟದ್ದಕ್ಕೆ, ಮೂರು ತಿಂದದ್ದಕ್ಕೆ. ಕಾಯಂ ವಿಳಾಸಕ್ಕೆ ಒಂದು ಮನೆಯೂ ಇರಲಿಲ್ಲ. ಕಾಯಂ ವಿಳಾಸವಿಲ್ಲದ ನಮೂನೆಯನ್ನು ನಾನು ಜನ್ಮದಲ್ಲಿ ಕಂಡವನಲ್ಲ. ನಿಮ್ಮ ಮೇಜಿನ ಕೆಂಪು ಪೆನ್ಸಿಲ್ ತೆಗೆದುಕೊಂಡೆ. "ಕೊಟ್ಟ ಮೇಲೆ ತಿನ್ನದೆ ಇರುತ್ತಾರೆಯೇ ಸಾರ್? ಒಂದೇ ವಿಷಯಕ್ಕೆ ಎರಡು ಕಾಲಂ ದಂಡ" ಎಂದು 'ತಿಂದದ್ದು' ಎಂಬುದರ ಮೇಲೆ ಗೀಟು ಎಳೆದೆ. ಉಳಿದ ಮೂರು ಮನೆಗಳನ್ನು ಕಾಯಂ ವಿಳಾಸದ ಜಿಲ್ಲೆಯ ಸಂಖ್ಯೆಗೆ ಕೊಟ್ಟೆ. ನೀವು ನಕ್ಕು, ಅನುಭವ ಅಂದರೆ ಇದು ಎಂದಿರಿ. ನಾನು ಹಿಗ್ಗಿದೆ. ಪ್ರೇಮಾ ಅವರನ್ನು ಮತ್ತೆ ಕೇಳಬೇಕೆಂದು ನಿಮಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಊಟದ ತಟ್ಟೆ ಹಿಡಿದು ಅಕ್ಕನ ಮಡಿಯೊಡನೆ ದಿನವೂ ಹೆಣಗುತ್ತಿದ್ದ ನನಗೇ ತೋಚಲಿಲ್ಲವಲ್ಲ, ಥೂ!

ಮೊದಲ ಮೂರು ಅರ್ಜಿಗಳಲ್ಲಿ ಈ ಮಾತು ಬರೆದಿರಲಿಲ್ಲ. ಧೈರ್ಯವಾಗಲಿಲ್ಲ. ಈಗ ಕೇಳುತ್ತಿದ್ದೇನೆ. ಹನ್ನೊಂದನೆಯ ತಾರೀಕಿನ ವಿಚಾರಣೆಗೆ ನನ್ನನ್ನು ಕರೆಯಿರಿ. ಕೆಂಪು ಗೀಟಿರುವ ಆ ಕರಡನ್ನು ಮೇಜಿನ ಮೇಲಿಡಿ. ಮೆಮೊದಲ್ಲಿ ಪ್ರೇಮಾ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆಯಿರಿ, ಅದರ ಪಕ್ಕದಲ್ಲಿ ನಿಮ್ಮದನ್ನೂ. ಜಿಲ್ಲೆಯ ಮೂರು ಮನೆಗಳನ್ನು ತೆಗೆದು 'ತಿಂದದ್ದು' ಎಂಬ ಕಾಲಂ ವಾಪಸು ತನ್ನಿ. ಅದರಲ್ಲಿ ಗುರುತು ಹಾಕುವ ಅಧಿಕಾರ ದಾದಿಗೆ ಮಾತ್ರ ಇರಲಿ. ಇದಕ್ಕೆ ಗಣಕಯಂತ್ರದ ಅಪ್ಪಣೆ ಬೇಕಾಗಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಅಂಚೆಗೆ ಹಾಕುವ ಮೊದಲು ಅಕ್ಕನಿಗೆ ಓದಿ ಹೇಳಿದೆ. ಕೆಂಪು ಪೆನ್ಸಿಲಿನ ವಿಷಯ ಅವಳಿಗೂ ಗೊತ್ತಿರಲಿಲ್ಲ. "ಆ ಹುಡುಗಿಗೆ ಕೆಲಸ ವಾಪಸು ಕೊಡಿಸು. ಆಮೇಲೆ ನನ್ನ ಹತ್ರ ಮಾತಾಡು" ಎಂದಳು. ಇವತ್ತಿಗೆ ಐದು ದಿನ. ನಾನು ಬಡಿಸಿದ ತಟ್ಟೆಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾಳೆ, ಕಣ್ಣಿಗೆ ಒತ್ತಿಕೊಳ್ಳುತ್ತಾಳೆ, ಪಕ್ಕದ ಕೋಣೆಯವರಿಗೆ ದಾಟಿಸುತ್ತಾಳೆ. ಅರ್ಧ ಬಾಳೆಹಣ್ಣು ತಿನ್ನುತ್ತಾಳೆ. ಬೇಗ ತೀರ್ಮಾನ ಮಾಡಿ, ಸ್ವಾಮಿ.

ಇಂತಿ,
ಗೀಟು ಎಳೆದವನು,
ನಾರಾಯಣಪ್ಪ, ನಿವೃತ್ತ ಶಿರಸ್ತೇದಾರ
ಸೋನಾರ್‌ಪುರ, ಕಾಶಿ
ಕಾಯಂ ವಿಳಾಸ: ಇಲ್ಲ