ರಾಗಿ ಮಲಗಿದ ದಿನ

ಬನಶಂಕರಿ ಎರಡನೇ ಹಂತ,
ಬೆಂಗಳೂರು
14 ಸೆಪ್ಟೆಂಬರ್ 2024

ಚಿ. ಚಿದಾನಂದನಿಗೆ,

ಆಶೀರ್ವಾದ. ಎಷ್ಟೇ ಸಿಟ್ಟಿದ್ದರೂ ಅದೊಂದನ್ನು ತಡೆಹಿಡಿಯಲು ನನಗೆ ಬರುವುದಿಲ್ಲ. ಆದರೆ ಹೇಗಿದ್ದೀಯ ಎಂದು ಈ ಸಲ ಕೇಳುವುದಿಲ್ಲ. ನೀನು ಹೇಗಿದ್ದೀಯ ಎಂಬುದನ್ನು ಮನೆಯವರೆಲ್ಲರ ವಾಟ್ಸಾಪ್ ಗುಂಪಿನಲ್ಲಿ ನೀನೇ ತಿಳಿಸಿದ್ದೀಯ. "ಅಮ್ಮಂಗೆ ರಾಗಿ ಹೊರೆ ಆಗಿದ್ದ. ಅದಕ್ಕೇ ನಾನಿಲ್ದೇ ಇರೋ ಹೊತ್ತು ನೋಡಿ ಮುಗಿಸಿಬಿಟ್ರು." ಅದರ ಕೆಳಗೆ ನಿನ್ನ ಚಿಕ್ಕಪ್ಪ ಜಯದೇವಪ್ಪ, ಅತ್ತಿಗೆ ಸ್ವಲ್ಪ ಕಾಯಬಹುದಿತ್ತು ಎಂದು ಬರೆದಿದ್ದಾರೆ. ಅವರು ಈ ಮನೆಯ ಮೆಟ್ಟಿಲು ಹತ್ತಿ ವರ್ಷದ ಮೇಲಾಯಿತು. ರಾಗಿ ಯಾವ ಬಣ್ಣದ ನಾಯಿ ಎಂದರೆ ಅವರಿಗೆ ಹೇಳಲಾಗಲಿಕ್ಕಿಲ್ಲ.

ಗುಂಪಿನಲ್ಲಿ ನಾನು ಉತ್ತರ ಕೊಡುವುದಿಲ್ಲ. ಫೋನು ಮಾಡಿದರೆ ನನ್ನ ಮಾತು ಮುಗಿಯುವ ಮೊದಲೇ ನಿನ್ನದು ಶುರುವಾಗುತ್ತದೆ. ಅದಕ್ಕೇ ಈ ಕಾಗದ. ಇದರ ಮಧ್ಯೆ ನೀನು ಬಾಯಿ ಹಾಕಲು ಆಗುವುದಿಲ್ಲ.

ಹೊರೆ ಎಂದೆಯಲ್ಲ, ಅಲ್ಲಿಂದಲೇ ಹೇಳುತ್ತೇನೆ. ರಾಗಿಯನ್ನು ತಂದವನು ನೀನು. ಮರಿಯಾಗಿದ್ದಾಗ ಮೈಮೇಲೆ ಹಾಕಿಕೊಂಡು ಫೋಟೋ ತೆಗೆಸಿಕೊಂಡವನೂ ನೀನೇ. ನಿಮಗೆ ಮಗು ಹುಟ್ಟಿದ ಮೇಲೆ, ಕೂದಲು ಉದುರುತ್ತದೆ, ಮಗುವಿಗೆ ಆಗುವುದಿಲ್ಲ, ಒಂದೆರಡು ತಿಂಗಳು ಇಟ್ಟುಕೊಳ್ಳಿ ಎಂದು ಅವನನ್ನು ಇಲ್ಲಿ ಬಿಟ್ಟು ಹೋದೆ. ಮಗು ಈಗ ಮೂರನೇ ಕ್ಲಾಸು. ನಾನು ಜನ್ಮದಲ್ಲಿ ನಾಯಿ ಮುಟ್ಟಿದವಳಲ್ಲ. ನನ್ನ ತೌರಿನಲ್ಲಿ ನಾಯಿ ಹೊಸ್ತಿಲು ದಾಟುತ್ತಿರಲಿಲ್ಲ. ಮೊದಲ ವಾರ ಅವನ ತಟ್ಟೆಯನ್ನು ಕೋಲಿನಲ್ಲಿ ತಳ್ಳುತ್ತಿದ್ದೆ. ನಿನ್ನ ಅಪ್ಪ ನೋಡಿ ನಗುತ್ತಿದ್ದರು.

ಆಮೇಲೆ ಅವನು ನಿನ್ನ ಅಪ್ಪನ ನಾಯಿಯಾದ. ಬೆಳಿಗ್ಗೆ ಪಾರ್ಕಿಗೆ ಇಬ್ಬರೂ ಹೋಗುವರು, ಬರುವಾಗ ಅಂಗಡಿಯಲ್ಲಿ ಬನ್ನು ತೆಗೆದು ಅರ್ಧ ಅವನಿಗೆ, ಅರ್ಧ ಇವರಿಗೆ. ಸಕ್ಕರೆ ಕಾಯಿಲೆಯವರು ಬನ್ನು ತಿನ್ನುವುದನ್ನು ನನ್ನಿಂದ ಮುಚ್ಚಿಡಲು ಇಬ್ಬರೂ ಸೇರಿಕೊಂಡಿದ್ದರು. ಅವರು ಹೋದ ಮೇಲೆ ರಾಗಿ ನನ್ನ ಪಾಲಿಗೆ ಉಳಿದ. ಟಿವಿ ಹಾಕಿದರೆ ಬಂದು ನನ್ನ ಕಾಲಿನ ಮೇಲೆ ತಲೆ ಇಡುತ್ತಿದ್ದ. ಕಾಲು ಜೋಮು ಹಿಡಿದರೂ ನಾನು ಅಲ್ಲಾಡುತ್ತಿರಲಿಲ್ಲ. ಇದಕ್ಕೆ ನೀನು ಹೊರೆ ಎನ್ನುತ್ತೀಯ. ಆಗಲಿ, ಹೊತ್ತವಳು ನಾನು; ತೂಕ ಎಷ್ಟಿತ್ತು ಎಂದು ನಾನು ಹೇಳಬೇಕು, ನೀನಲ್ಲ.

ಯುಗಾದಿಯ ಹೊತ್ತಿಗೆ ಅವನು ಕುಂಟಲು ಶುರು ಮಾಡಿದ. ನಿನಗೆ ಹೇಳಿದೆ. ವಯಸ್ಸಾಯ್ತಲ್ಲಮ್ಮ, ಎಣ್ಣೆ ಹಚ್ಚು ಎಂದೆ. ಹಚ್ಚಿದೆ. ಬಲಗಡೆಯ ಮುಂಗಾಲಿನ ಮೇಲೆ ಗಂಟು ಕಾಣಿಸಿಕೊಂಡಾಗ ಆಟೋ ಹಿಡಿದು ನಾನೇ ಜಯನಗರಕ್ಕೆ, ಡಾಕ್ಟರ್ ಅರ್ಪಿತ ಅವರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಮೂಳೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಎದೆಯ ಎಕ್ಸ್‌ರೇಯಲ್ಲೂ ಒಂದು ಸಣ್ಣ ಮಚ್ಚೆ. ಆ ಹುಡುಗಿ ನನ್ನ ಪಕ್ಕ ಕುಳಿತು, "ಅಮ್ಮ, ನೋವು ಕಮ್ಮಿ ಮಾಡ್ತೀನಿ. ಕಾಯಿಲೆ ಕಮ್ಮಿ ಮಾಡಕ್ಕೆ ನನ್ ಕೈಲಿ ಆಗಲ್ಲ" ಎಂದಳು. ಮಾತ್ರೆಗೂ ನೋವು ಬಗ್ಗದ ದಿನ ಬಂದರೆ ಹೇಳಿ, ಮನೆಗೇ ಬಂದು ನೋವಾಗದ ಹಾಗೆ ಕಳಿಸಿಕೊಡುತ್ತೇನೆ ಎಂದಳು.

ಆ ದಿನ ಬಂತು. ಅವನು ಊಟದ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಗಂಟನ್ನು ನೆಕ್ಕಿ ನೆಕ್ಕಿ ರಕ್ತ ಬರಿಸಿಕೊಂಡಿದ್ದ. ಗುರುವಾರ ಬರಲು ಡಾಕ್ಟರಿಗೆ ಹೇಳಿ, ನಿನಗೂ ತಿಳಿಸಿದೆ. ಮುಚ್ಚಿಟ್ಟು ಮಾಡುವ ಬುದ್ಧಿ ನನಗಿರಲಿಲ್ಲ, ಆ ಬುದ್ಧಿ ನಿನ್ನಿಂದ ಕಲಿತೆ. ಬುಧವಾರ ನೀನು ಬಂದೆ. ಒಂದು ರೌಂಡ್ ಹೋಗಿ ಬರ್ತೀವಿ ಎಂದು ಅವನನ್ನು ಕಾರಿಗೆ ಎತ್ತಿಕೊಂಡೆ. ಪಾಪ, ನಿನ್ನ ಜೊತೆ ಹೋಗುತ್ತೇನೆಂದು ಅವನಿಗೆ ಎಷ್ಟು ಖುಷಿ. ನಾನು ಮೊಸರನ್ನ ಕಲಸಿಟ್ಟು ಕಾಯುತ್ತಿದ್ದೆ. ಸಂಜೆ ಫೋನು ಬಂತು, ಊರಿನ ಆ ತುದಿಯ ಯಾವುದೋ ದೊಡ್ಡ ಆಸ್ಪತ್ರೆಯಿಂದ. ಅಡ್ಮಿಟ್ ಮಾಡಿದ್ದೇನೆ, ನಾಳೆ ಕಾಲು ತೆಗೆಯುತ್ತಾರೆ ಎಂದೆ.

ನೀನು ಅಲ್ಲಿ ನೆಲದ ಮೇಲೆ ಅವನ ಪಕ್ಕ ಮಲಗಿದ್ದೆ ಎಂದು ನನಗೆ ಗೊತ್ತು. ಆಫೀಸಿಗೂ ಹೋಗಲಿಲ್ಲ. ನಿನಗೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ನಿನ್ನ ಪ್ರೀತಿಗೆ ಎದುರಿಗಿರುವವರ ಮೈ ಕಾಣುವುದಿಲ್ಲ ಎನ್ನುತ್ತಿದ್ದೇನೆ.

ಮೂರು ಕಾಲಿನ ರಾಗಿಯನ್ನು ತಂದು ನನ್ನ ವರಾಂಡದಲ್ಲಿ ಇಳಿಸಿದೆ. ನಿಮ್ಮ ಅಂಜನಾಪುರದ ಮನೆಗಲ್ಲ, ಇಲ್ಲಿಗೆ. ಅವನ ಫೋಟೋ ಹಾಕಿ ಕೆಳಗೆ 'ಫೈಟರ್' ಎಂದು ಬರೆದೆ. ನಿನ್ನ ಸ್ನೇಹಿತರೆಲ್ಲ ಹೃದಯದ ಗುರುತು ಕಳಿಸಿದರಂತೆ. ಆ ಫೈಟರ್ ಉಚ್ಚೆ ಹೊಯ್ಯಲು ಹೋಗಿ ಮುಗ್ಗರಿಸಿ ಬಿದ್ದಾಗ ಎತ್ತಿ ನಿಲ್ಲಿಸಿದವಳು ಹೃದಯದ ಕವಾಟ ಕೆಟ್ಟಿರುವ ನಿನ್ನ ತಾಯಿ. ಒಪ್ಪುತ್ತೇನೆ, ಮೊದಲ ಎರಡು ವಾರ ಅವನು ಚೆನ್ನಾಗಿಯೇ ಇದ್ದ. ತಿಂದ. ಗೇಟಿನವರೆಗೆ ಕುಪ್ಪಳಿಸಿಕೊಂಡು ಹೋದ. ನೋಡಿದ್ಯಾ ಅಮ್ಮ ಎಂದು ನೀನು ಗೆದ್ದವನ ಹಾಗೆ ಕೇಳಿದಾಗ, ನನಗೂ ನೀನೇ ಸರಿ ಇರಬಹುದೇನೋ ಅನ್ನಿಸಿತ್ತು.

ಆಮೇಲೆ ಕೆಮ್ಮು ಬಂತು. ಮಚ್ಚೆ ಒಂದಿದ್ದದ್ದು ಎದೆ ತುಂಬ ಹರಡಿದೆ ಎಂದು ಡಾಕ್ಟರ್ ಅರ್ಪಿತ ಹೇಳಿದಳು. ನಾಯಿಗೆ ಉಸಿರು ಸಾಲದೆ ಹೋದರೆ ಏನು ಮಾಡುತ್ತದೆ ಗೊತ್ತೇ ನಿನಗೆ? ಮಲಗುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ. ನಿಂತೇ ಇರುತ್ತದೆ, ಕತ್ತು ಮುಂದಕ್ಕೆ ಚಾಚಿಕೊಂಡು. ರಾಗಿ ಉಳಿದ ಮೂರು ಕಾಲಿನ ಮೇಲೆ ನಿಂತಿದ್ದ. ನಾನು ಅಡುಗೆ ಮಾಡಿ ಬಂದರೂ ನಿಂತಿದ್ದ, ಸ್ನಾನ ಮಾಡಿ ಬಂದರೂ ನಿಂತಿದ್ದ. ನಿದ್ದೆ ತೂಗಿ ಮುಂದಕ್ಕೆ ಬೀಳುತ್ತಿದ್ದ, ಬೆಚ್ಚಿ ಮತ್ತೆ ನಿಲ್ಲುತ್ತಿದ್ದ. ಗೋಡೆಗೆ ದಿಂಬು ಒರಗಿಸಿ ಅವನ ಮೈಗೆ ಆಸರೆ ಮಾಡಿದೆ. ಅದಕ್ಕೆ ಆತು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದ.

ನೀನು ಭಾನುವಾರ ಬಂದೆ, ಮೂಳೆ ಸಾರಿನ ಡಬ್ಬಿ ಹಿಡಿದುಕೊಂಡು. ನಾನು ಇನ್ನು ಸಾಕು ಎಂದೆ. ಬುಧವಾರ ಇನ್ನೊಂದು ಸ್ಕ್ಯಾನ್ ಇದೆ, ಆಕ್ಸಿಜನ್ ಯಂತ್ರ ತರಿಸುತ್ತೇನೆ ಎಂದು ನೀನು ಹೇಳಿದೆ. ನಿನ್ನ ಜೊತೆ ಬಂದಿದ್ದ ಸೊಸೆ ಮೇಘಶ್ರೀ ಏನೋ ಹೇಳಲು ಬಾಯಿ ತೆರೆದಳು. ನಿನಗೇನು ಗೊತ್ತು ಎಂದು ನೀನು ಅವಳನ್ನು ತಡೆದೆ. ಹೋಗುವ ಮುಂಚೆ ಅವನ ತಲೆ ಸವರಿ, "ನೋಡಮ್ಮ, ಇನ್ನೂ ಬಾಲ ಆಡಿಸ್ತಿದಾನೆ" ಎಂದೆ. ಆಡಿಸಿದ, ನಿಜ. ನೀನು ಬಂದಿದ್ದೀಯ ಎಂದು ಆಡಿಸಿದ. ನನ್ನನ್ನು ಹೀಗೇ ಇಟ್ಟುಕೋ ಎಂದು ಆಡಿಸಲಿಲ್ಲ.

ಚಿದಾನಂದ, ನಿನ್ನ ಅಪ್ಪನ ವಿಷಯ ಎತ್ತಬಾರದು ಎಂದುಕೊಂಡಿದ್ದೆ. ನೀನು ನನ್ನನ್ನು ಊರಿಗೆಲ್ಲ ಕೊಲೆಗಾರಳನ್ನಾಗಿ ಮಾಡಿದ ಮೇಲೆ ಮುಚ್ಚಿಟ್ಟುಕೊಂಡು ನನಗೇನಾಗಬೇಕು. ಅವರ ಶ್ವಾಸಕೋಶ ಇನ್ನು ಚೇತರಿಸುವುದಿಲ್ಲ ಎಂದು ಐಸಿಯು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ನೀನು, ಏನ್ ಬೇಕಾದ್ರೂ ಮಾಡಿ, ನಿಲ್ಲಿಸಬೇಡಿ ಎಂದೆ. ಗಂಟಲಿಗೆ ಹಾಕಿದ್ದ ಉಸಿರಾಟದ ಕೊಳವೆಯನ್ನು ನಿನ್ನ ಅಪ್ಪ ಕಿತ್ತುಕೊಳ್ಳಲು ನೋಡಿದರು. ಅದಕ್ಕೆ ಆಸ್ಪತ್ರೆಯವರು ಅವರ ಕೈ ಕಟ್ಟಿದರು. ಪ್ರತಿ ಬೆಳಿಗ್ಗೆ ಇಷ್ಟಲಿಂಗ ಹಿಡಿಯುತ್ತಿದ್ದ ಎಡಗೈಯನ್ನು ಬ್ಯಾಂಡೇಜು ಬಟ್ಟೆಯಲ್ಲಿ ಮಂಚದ ಸರಳಿಗೆ ಕಟ್ಟಿದ್ದರು. ಬಿಚ್ಚಿಸು ಎಂದು ನಿನ್ನನ್ನು ಕೇಳಿದೆ. "ಅಮ್ಮ, ನೀನು ಹೊರಗಡೆ ಕೂತ್ಕೋ, ಇದೆಲ್ಲ ನಿಂಗೆ ಅರ್ಥ ಆಗಲ್ಲ" ಎಂದು ನನ್ನ ಭುಜ ಹಿಡಿದು ಬಾಗಿಲ ಆಚೆ ಬಿಟ್ಟೆ. ಅವರು ಮೂರು ವಾರ ಹಾಗೇ ಇದ್ದು ಹೋದರು. ಕೈ ಬಿಚ್ಚಿದ್ದು ಹೋದ ಮೇಲೆ. ನೀನು ಎಲ್ಲರ ಮುಂದೆ, ಕೊನೇ ತನಕ ಹೋರಾಡಿದ್ವಿ ಎಂದು ಹೇಳಿಕೊಂಡೆ. ಹೋರಾಡಿದ್ದು ನೀನಲ್ಲ. ಅವರು.

ಹಾಗಾಗಿ ಮಂಗಳವಾರ ನಾನು ಹೊರಗಡೆ ಕೂರಲಿಲ್ಲ.

ಬೆಳಿಗ್ಗೆ ನಿನಗೆ ಫೋನು ಮಾಡಿದೆ, ನೀನು ಎತ್ತಲಿಲ್ಲ. ಡಾಕ್ಟರನ್ನು ಕರೆಸುತ್ತಿದ್ದೇನೆ, ಬರುವುದಾದರೆ ಬಾ ಎಂದು ಮೆಸೇಜು ಹಾಕಿದೆ. ಮೀಟಿಂಗಲ್ಲಿದೀನಿ, ಸಂಜೆ ತನಕ ಏನೂ ಮಾಡಬೇಡ ಎಂದು ನೀನು ತಿರುಗಿ ಬರೆದೆ. ನಿನ್ನ ಮೆಸೇಜು ನಾನು ನೋಡಲಿಲ್ಲ ಎಂದು ಮನೆಯವರು ಯಾರೋ ನನ್ನ ಪರವಾಗಿ ಹೇಳಿದರಂತೆ. ಅವರ ಒಳ್ಳೆಯತನ ನನಗೆ ಬೇಡ. ನೋಡಿದೆ. ಓದಿದೆ. ಸಂಜೆ ಎಂದರೆ ಅವನು ಇನ್ನೆಷ್ಟು ಹೊತ್ತು ನಿಲ್ಲಬೇಕು ಎಂದು ಯೋಚಿಸಿ, ಫೋನನ್ನು ಒಳಗಿಟ್ಟು ಗೇಟು ತೆಗೆದೆ.

ಡಾಕ್ಟರ್ ಅರ್ಪಿತ ಮೊದಲು ಮಂಪರಿನ ಇಂಜೆಕ್ಷನ್ ಕೊಟ್ಟಳು. ವರಾಂಡದಲ್ಲಿ ನನ್ನ ಹಳೆಯ ಹತ್ತಿ ಸೀರೆ ಹಾಸಿ ಕುಳಿತಿದ್ದೆ. ರಾಗಿ ನಿಂತಲ್ಲೇ ತೂಗಿದ, ಹಿಂಗಾಲು ಮಡಚಿದ, ಆಮೇಲೆ ಮೆಲ್ಲನೆ ನನ್ನ ತೊಡೆಯ ಮೇಲೆ ಒರಗಿ ಮಲಗಿದ. ಎಷ್ಟು ದಿನದ ಮೇಲೆ ಮಲಗಿದ್ದು! ಒಂದು ದೊಡ್ಡ ನಿಟ್ಟುಸಿರು ಬಿಟ್ಟ, ಟಿವಿ ಮುಂದೆ ಬಿಡುತ್ತಿದ್ದಂಥದ್ದು. ಅವನು ಹಾಗೆ ನಿದ್ದೆ ಮಾಡುವುದನ್ನು ಸ್ವಲ್ಪ ಹೊತ್ತು ನೋಡಲು ಬಿಡು ಎಂದು ಡಾಕ್ಟರನ್ನು ಕೇಳಿಕೊಂಡೆ. ಅವಳು ಅವಸರ ಮಾಡಲಿಲ್ಲ. ಹಣೆಗೆ ವಿಭೂತಿ ಹಚ್ಚಿದೆ. ಎರಡನೆಯದು ಕೊಟ್ಟಾಗ ಅವನಿಗೆ ಗೊತ್ತೂ ಆಗಲಿಲ್ಲ. ನನಗೆ ಗೊತ್ತಾಯಿತು. ತೊಡೆಯ ಮೇಲಿನ ತಲೆ ಇದ್ದಕ್ಕಿದ್ದಂತೆ ಭಾರವಾಯಿತು.

ನಮ್ಮ ತಲಘಟ್ಟಪುರದ ಸೈಟಿನಲ್ಲಿ, ಹೊಂಗೆ ಮರದ ಬದಿಗೆ ಮಣ್ಣು ಮಾಡಿದೆವು. ಪಕ್ಕದ ತೋಟದ ಬೋರಣ್ಣ ಗುಂಡಿ ತೋಡಿಕೊಟ್ಟ. ನಾನು ಹೂವು ಹಾಕಿದೆ, ಒಂದು ಬನ್ನು ಇಟ್ಟೆ.

ಸಂಜೆ ನೀನು ಬಂದು ಗೇಟಿನಲ್ಲೇ ನಿಂತು ಕೂಗಾಡಿದೆ. ಬೀದಿಯ ಜನ ಹೊರಗೆ ಬಂದು ನೋಡಿದರು. ಯಾರ ಕಾರಲ್ಲಿ ಹೋದೆ ಎಂದು ಕೇಳಿದೆ, ನಾನು ಹೇಳಲಿಲ್ಲ. ಕೊನೆಗೆ, "ನಾನು ಹುಷಾರು ತಪ್ಪಿದ್ರೂ ಹಿಂಗೇ ಸೂಜಿ ಹಾಕಿಸ್ತೀಯಾ?" ಎಂದು ಕೇಳಿ ಹೊರಟುಹೋದೆ. ಹೆತ್ತವಳನ್ನು ಕೇಳುವ ಮಾತೇ ಅದು? ಕೇಳಿದ್ದೀಯ, ಉತ್ತರ ತಗೋ. ನೀನು ಹುಷಾರು ತಪ್ಪಿದರೆ ನಿನ್ನ ಪಕ್ಕ ಕೂತು, ನಿನಗೇನು ಬೇಕು ಎಂದು ನಿನ್ನನ್ನೇ ಕೇಳುತ್ತೇನೆ. ನೀನು ಇದುವರೆಗೆ ಯಾರನ್ನೂ ಕೇಳದೇ ಇರುವುದು ಅದೊಂದನ್ನೇ.

ಗುಂಪಿನಲ್ಲಿ ಹಾಕಿದ ಮಾತನ್ನು ನೀನೇ ತೆಗೆ. ತೆಗೆಯುವವರೆಗೆ ಈ ಮನೆಗೆ ಬರಬೇಡ. ಮಗುವನ್ನು ಕಳಿಸುವುದನ್ನು ಮಾತ್ರ ನಿಲ್ಲಿಸಬೇಡ, ಅವನಿಗೆ ನಮ್ಮ ಜಗಳದ ಋಣವಿಲ್ಲ.

ಇಂತು ನಿನ್ನ ಸಿಟ್ಟಿಗೂ ತನ್ನ ಸಿಟ್ಟಿಗೂ ಹೆದರದ ನಿನ್ನ ತಾಯಿ,
ಕಮಲಾದೇವಿ

ತಾ.ಕ.: ಮಂಗಳವಾರ ವರಾಂಡದಲ್ಲಿ ರಾಗಿಯ ಬೆನ್ನು ಸವರುತ್ತಾ, ಸಾಕು ರಾಗಿ, ಮಲಗು ಎಂದವಳು ನಿನ್ನ ಹೆಂಡತಿ. ಭಾನುವಾರ ನಿಮ್ಮ ಮನೆ ತಲುಪಿದ ಮೇಲೆ ಅವಳೇ ನನಗೆ ಫೋನು ಮಾಡಿ, "ಅತ್ತೆ, ನೀವೊಬ್ರೇ ಇರಬೇಡಿ, ನಾನು ರಜಾ ಹಾಕಿ ಬರ್ತೀನಿ" ಎಂದಳು. ತಲಘಟ್ಟಪುರಕ್ಕೆ ಹೋದದ್ದು ಅವಳ ಕಾರಿನಲ್ಲಿ. ನಿನಗೆ ತಾನೇ ಹೇಳುತ್ತೇನೆ ಎಂದಿದ್ದಳು. ನಾನೇ ಬರೆಯುತ್ತೇನೆ, ಮೊದಲ ಬೈಗುಳ ನನಗೆ ಬೀಳಲಿ ಎಂದು ತಡೆದೆ. ಇನ್ನೊಂದು ವಿಷಯ. ಮುಂದಿನ ತಿಂಗಳು ನನ್ನ ಕವಾಟದ ಆಪರೇಷನ್. ಏನಾದರೂ ಹೆಚ್ಚುಕಮ್ಮಿಯಾದರೆ ಯಾರನ್ನು ಕೇಳಬೇಕು ಎಂದು ಸರ್ಜನ್ನರು ವಿಚಾರಿಸಿದರು. ಒಬ್ಬನೇ ಮಗ ಇದ್ದಾನೆ ಎಂದು ಹೇಳಿದೆ. ಆಮೇಲೆ ಮೇಘಶ್ರೀಯ ಹೆಸರು ಕೊಟ್ಟೆ. ಆಸ್ಪತ್ರೆಗೆ ನೀನು ಬಂದೇ ಬರುತ್ತೀಯ, ನನಗೂ ನೀನು ಬರಬೇಕು. ಆದರೆ ಡಾಕ್ಟರು ಬಂದು ಕೇಳಿದಾಗ ನೀನು ಸುಮ್ಮನಿರು, ಅವಳು ಮಾತಾಡಲಿ.